ನೀರಿಗಿಳಿಯುವ ಮುನ್ನ

ಕಿನಂತಿ ಸುತ್ತಿಗೆಯಿಂದ ಮತ್ತೊಮ್ಮೆ ಬಡಿದು ಕಿವಿಗೊಟ್ಟಳು. ಅಕ್ಕಪಕ್ಕದ ಮರ ಟಣ್ ಟಣ್ ಎಂದು ಓಗೊಡುತ್ತಿದ್ದರೆ ಈ ಒಂದು ಜಾಗದಲ್ಲಿ ಮಾತ್ರ ಸದ್ದು ಮೆತ್ತಗಾಗಿ ಒಳಗೇ ಉಳಿದುಬಿಡುತ್ತಿತ್ತು. ಹಡಗಿನ ಒಡಲಿನೊಳಗೆ ಉಸಿರುಕಟ್ಟುವ ಸೆಕೆ. ರಾಳ, ಹಸಿ ಬಣ್ಣ, ಮರದ ಹೊಟ್ಟು ಎಲ್ಲ ಸೇರಿ ಮೂಗಿಗೆ ಅಡರುತ್ತಿತ್ತು. ಅವಳು ಜೇಬಿನಿಂದ ಚಾಕು ತೆಗೆದು ಬಣ್ಣವನ್ನು ಒಂದಿಷ್ಟು ಕೆರೆದಳು. ಹಡಗಿನ ಪಕ್ಕೆಲುಬಿನಂತೆ ಬಾಗಿ ನಿಂತ ಪಕ್ಕೆಮರದ ಎರಡು ತುಂಡುಗಳು ಕೂಡಿದ ಗೆರೆ ಕಾಣಿಸಿತು. ಪಕ್ಕದ ಪಕ್ಕೆಮರವನ್ನು ಅದೇ ಎತ್ತರದಲ್ಲಿ ಕೆರೆದಳು. ಅಲ್ಲೂ ಕೂಡಿಕೆ. ಅದರ ಮುಂದಿನದರಲ್ಲೂ ಕೂಡಿಕೆ.

"ಬಣ್ಣ ಎಲ್ಲ ಕಡೆಗೂ ಹಚ್ಚಿದ್ದು," ಎಂದ ಹಿಂದೆ ಟಾರ್ಚು ಹಿಡಿದು ನಿಂತಿದ್ದ ರುಸ್ಲಿ. "ಇಲ್ಲಿಗೆ ಮಾತ್ರ ಅಲ್ಲ."

"ನಾನೇನೂ ಕೇಳಲಿಲ್ಲವಲ್ಲ."

"ನೀನು ಕೇಳುವ ಮೊದಲೇ ಹೇಳಿದೆ."

ಕಿನಂತಿ ತಿರುಗಿ ನೋಡಲಿಲ್ಲ. ಈ ನಾಲ್ಕೈದು ಪಕ್ಕೆಮರಗಳ ಮೇಲೆಯೇ ಇಂಜಿನ್ನಿನ ಪೀಠ ಕೂರುವುದೆಂದು ಅವಳಿಗೆ ನಕ್ಷೆ ನೋಡದೆಯೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಕೂತು ಕಲಿತವರು ಅವರು.

ಮಕಾಸ್ಸರದ ಕಚೇರಿಗೆ ವರ್ಗವಾಗಿ ಬಂದಂದಿನಿಂದ ತಾನಾ ಬೇರು ಎಂಬ ಊರಿನ ಹೆಸರು ಕಿನಂತಿಯ ಮೇಜಿನ ಮೇಲೆ ಹಾದುಹೋಗುತ್ತಲೇ ಇತ್ತು. ಅಲ್ಲಿಯ ಕಡಲ ದಂಡೆಯಲ್ಲಿ ಕಟ್ಟುವ ಮರದ ಹಡಗುಗಳ ತಪಾಸಣೆಗೆ ಅವಳು ಕೈಕೆಳಗಿನವರನ್ನು ಕಳಿಸಿಬಿಡುತ್ತಿದ್ದಳು. ಈ ಸಲದ ಅರ್ಜಿ ಹಾಜಿ ಸಾಂಪಾರಾ ಎಂಬ ಹಿರಿಯ ಮೇಸ್ತ್ರಿಯ ಹೆಸರಿನಲ್ಲಿತ್ತು. ಅವರು ರುಸ್ಲಿಯ ಸೋದರಮಾವ. ಆ ಹೆಸರನ್ನು ಕಾಲೇಜಿನ ದಿನಗಳಲ್ಲಿ ಅದೆಷ್ಟು ಸಲ ಕೇಳಿದ್ದಳೋ. "ಇದಕ್ಕೆ ನಾನೇ ಹೋಗ್ತೀನಿ," ಎಂದು ಅರ್ಜಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಾಗ, ಏಕೆ ಹೋಗುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಆ ಬೆಳಿಗ್ಗೆ ಜೀಪು ದಂಡೆಗೆ ಇಳಿದಾಗ ತೆಂಗಿನ ಮರಗಳ ಸಾಲಿನಾಚೆ ಅರ್ಧ ಕಟ್ಟಿದ ಹಡಗುಗಳು ಒಂದರ ಪಕ್ಕ ಒಂದು ನಿಂತಿದ್ದವು. ಬಾಚಿಯ ಸದ್ದು, ಎಲ್ಲಿಂದಲೋ ತೇಲಿಬರುವ ಸಿನಿಮಾ ಹಾಡು. ಸಾಲಿನ ಕೊನೆಯ ಹಡಗು ಎಲ್ಲಕ್ಕಿಂತ ದೊಡ್ಡದು. ಅದರ ಬಳಿ ನಿಂತ ಯಾವ ಮನುಷ್ಯನೂ ಅವಳ ಕಣ್ಣಿಗೆ ಬೀಳುವ ಮೊದಲು ಅದರ ಮುಂತುದಿಯ ಮೂತಿ ಕಂಡಿತು. ತಳದುದ್ದಕ್ಕೂ ಮಲಗಿದ ಅಡಿಮರದಿಂದ ಎದ್ದು ಮೊದಲು ಸ್ವಲ್ಪ ಹಿಂಜರಿದು, ಆಮೇಲೆ ಮನಸ್ಸು ಮಾಡಿದಂತೆ ಮುಂದಕ್ಕೆ ಬಾಗಿ ಮೇಲೇರುವ ಗೆರೆ. ಕಿನಂತಿ ಜೀಪಿನ ಬಾಗಿಲು ಹಿಡಿದು ನಿಂತುಬಿಟ್ಟಳು.

ಆ ಗೆರೆ ಅವಳದು.

ಕೊನೆಯ ವರ್ಷ, ಜಾವಾದ ಸುರಬಾಯಾ ನಗರದ ಕಾಲೇಜಿನ ನಕ್ಷೆಯ ಕೋಣೆಯಲ್ಲಿ ಉಳಿದವರೆಲ್ಲ ಕಬ್ಬಿಣದ ತೈಲಹಡಗುಗಳನ್ನು ಬರೆಯುತ್ತಿದ್ದರೆ ಅವರಿಬ್ಬರು ಒಂದು ಮರದ ಹಡಗು ಬರೆದಿದ್ದರು. ಹೊಟ್ಟೆ ರುಸ್ಲಿಯ ಊರಿನ ಹಡಗುಗಳದು. ಮೂತಿ ಕಿನಂತಿಯದು. ಬಳುಕುವ ಪಟ್ಟಿಯನ್ನು ಕಾಗದದ ಮೇಲಿಟ್ಟು ಅವಳು ಬಗ್ಗಿಸುತ್ತಿದ್ದರೆ ಅದರ ತುದಿಯನ್ನು ಅವನು ಬೆರಳಿನಲ್ಲಿ ಒತ್ತಿ ಹಿಡಿಯುತ್ತಿದ್ದ. "ಇನ್ನೊಂಚೂರು ಆಚೆ... ಹಾಂ, ಈಗ ಉಸಿರು ಬಿಡಬೇಡ," ಎನ್ನುತ್ತಿದ್ದಳು. ಅವನು ನಿಜವಾಗಿಯೂ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಮೇಷ್ಟ್ರು ನೋಡಿ, ಚಂದ ಇದೆ, ಆದರೆ ಇದನ್ನು ಕಟ್ಟುವವರು ಯಾರು ಎಂದು ನಕ್ಕು ಸಾಧಾರಣ ಅಂಕ ಕೊಟ್ಟಿದ್ದರು. "ನಾವು ಸಾರ್," ಎಂದಿದ್ದ ರುಸ್ಲಿ. 'ನಾನು' ಎಂದಿರಲಿಲ್ಲ.

ಪರೀಕ್ಷೆ ಮುಗಿದ ಬೆನ್ನಿಗೇ ಅವನ ತಂದೆ ಹಾಸಿಗೆ ಹಿಡಿದರು. ಬಂದರಿನಲ್ಲಿ ಊರಿಗೆ ಮರಳುವ ಹಡಗು ಹತ್ತುವ ಮುಂಚೆ ಅವನು, "ನೀನೂ ಬಾ," ಎಂದ. ಅವಳಿಗೆ ಆಗಷ್ಟೇ ಸುರಬಾಯಾದ ದೊಡ್ಡ ಹಡಗುಕಟ್ಟೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಆ ಕೆಲಸದ ಸುದ್ದಿಗೆ ಅರಿಶಿನದನ್ನ ಮಾಡಿ ಬೀದಿಗೆಲ್ಲ ಹಂಚಿದ್ದರು. "ಒಂದು ವರ್ಷ ರುಸ್ಲಿ. ನಿಜವಾದ ಹಡಗು ಹೆಂಗೆ ಕಟ್ತಾರೆ ಅಂತ ಕಲಿತು ಬರ್ತೀನಿ," ಎಂದಳು. ಅವನು, "ಆಯ್ತು," ಎಂದ. ಅಷ್ಟೇ. ವರ್ಷ ಕಳೆಯಿತು, ಇನ್ನೊಂದು ವರ್ಷ ಬಂತು. ಫೋನುಗಳು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಗಿ, ಆಮೇಲೆ ಹಬ್ಬಕ್ಕೊಂದು ಶುಭಾಶಯವಾಗಿ ಉಳಿಯಿತು. ಅವನ ಮದುವೆಯ ಸುದ್ದಿಯನ್ನು ಯಾರೋ ಸ್ನೇಹಿತರು ಕಳಿಸಿದಾಗ ಅವಳು ಒಂದು ಸರಕುಹಡಗಿನ ತಳದ ತೊಟ್ಟಿಯೊಳಗೆ ತೆವಳಿ ಬೆಸುಗೆ ನೋಡಿ ಹೊರಬಂದಿದ್ದಳು. ಮೈಯೆಲ್ಲ ತುಕ್ಕು. ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಅದನ್ನೇ ಮತ್ತೆ ತಲೆಗಿಟ್ಟುಕೊಂಡು ಮುಂದಿನ ತೊಟ್ಟಿಗಿಳಿದಿದ್ದಳು.

ಹಡಗುಕಟ್ಟೆಯಿಂದ ತಪಾಸಣೆಯ ಕಚೇರಿಗೆ ಬಂದದ್ದು ಅದರ ಮರುವರ್ಷ. ಕಾಲೇಜು ಕಲಿಸದೇ ಇದ್ದದ್ದನ್ನೆಲ್ಲ ಅವಳು ಅಲ್ಲಿ ಕಲಿತಳು. ನಕ್ಷೆಯಲ್ಲಿ ನೇರವಾಗಿರುವುದು ಕೆಲಸದಲ್ಲಿ ನೇರವಾಗಿರುವುದಿಲ್ಲವೆಂದು ಕಲಿತಳು. ಗಂಡಸರು ನಗುವಾಗ ತಾನೂ ನಗಬಾರದು, ಸಿಟ್ಟೂ ಆಗಬಾರದು, ಸುಮ್ಮನೆ ಏಣಿ ಹತ್ತಬೇಕೆಂದು ಕಲಿತಳು. ಈಗ ಅವಳ ಸಹಿಗೆ ಬಂದರುಗಳಲ್ಲಿ ಬೆಲೆಯಿತ್ತು. ಆದರೆ ಕೆಲವು ಸಂಜೆ ಮಕಾಸ್ಸರದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಾಗ ಒಂದು ವಿಚಾರ ಬಂದು ಪಕ್ಕದಲ್ಲಿ ಕೂರುತ್ತಿತ್ತು: ಇಷ್ಟು ವರ್ಷಗಳಲ್ಲಿ ತಾನು ಒಂದೇ ಒಂದು ದೋಣಿಯನ್ನೂ ಕಟ್ಟಲಿಲ್ಲ. ಕಟ್ಟಿದವರ ತಪ್ಪು ಹುಡುಕುವುದರಲ್ಲಿ ಮಾತ್ರ ಪಳಗಿಬಿಟ್ಟೆ.

"ಕಿನ್," ಎಂದ ರುಸ್ಲಿ ಒಡಲಿನ ಕತ್ತಲಲ್ಲಿ. ಆ ಹೆಸರಿನಿಂದ ಅವಳನ್ನು ಬೇರೆ ಯಾರೂ ಕರೆಯುತ್ತಿರಲಿಲ್ಲ. "ಎಂತ ಬರೀತೀಯ?"

"ನಿನಗೆ ಇದು ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ."

"ಗೊತ್ತುಂಟು."

"ಕೂಡಿಕೆಗಳು ಒಂದೇ ಸಾಲಿಗೆ ಬರಬಾರದು ಅಂತ ಎರಡನೇ ವರ್ಷ ನನಗೆ ಹೇಳಿಕೊಟ್ಟೋನೇ ನೀನು. ಎರಡು ಕೈ ಬೆರಳು ಹೆಣೆದು ತೋರಿಸಿದ್ದೆ."

"ಪಕ್ಕೆಗೆ ಹಾಕುವ ಬಿತ್ತಿ ಮರ ಈಗ ಸಿಗುದಿಲ್ಲ ಮಾರಾಯ್ತಿ. ಸಿಕ್ಕಿದ್ದೂ ಗಿಡ್ಡ. ಬಾಗು ಇರುವ ತುಂಡೆಲ್ಲ ಒಂದೇ ಅಳತೆಗೆ ಬಂತು. ಇನ್ನೊಂದು ಲೋಡಿಗೆ ಕಾದಿದ್ದರೆ ಸಮುದ್ರ ಏರುವ ಈ ಹುಣ್ಣಿಮೆಯ ಭರತ ತಪ್ಪುತ್ತಿತ್ತು. ಹಡಗಿನ ಧಣಿ ದಿನಾ ಫೋನು ಮಾಡ್ತಾನೆ. ನಾನು ಎಂತ ಮಾಡುದು?"

"ಹಾಯಿ ಮಾತ್ರ ಇದ್ದಿದ್ರೆ ಹೇಗೋ ನಡೀತಿತ್ತು. ಇದರ ಮೇಲೆ ಇಂಜಿನ್ ಹಗಲೂ ರಾತ್ರಿ ನಡುಗುತ್ತೆ. ಒಂದು ಮಳೆಗಾಲ, ಹೆಚ್ಚಂದ್ರೆ ಎರಡು. ಆಮೇಲೆ ಎಲ್ಲ ಕೂಡಿಕೆಗಳೂ ಒಟ್ಟಿಗೇ ಬಾಯಿಬಿಡ್ತವೆ. ಒಳಗೆ ಜನ ಮಲಗಿರ್ತಾರೆ ರುಸ್ಲಿ."

ಅವನು ಟಾರ್ಚು ಆರಿಸಿದ. ಮೇಲಿನ ಕಿಂಡಿಯಿಂದ ಬೀಳುತ್ತಿದ್ದ ಬಿಸಿಲಿನ ಕೋಲಿನಲ್ಲಿ ಹೊಟ್ಟು ಸುತ್ತುತ್ತಿತ್ತು. ಅವನ ಕಿವಿಯ ಪಕ್ಕದಲ್ಲಿ ಒಂದೆರಡು ಬಿಳಿ ಕೂದಲು ಬಂದದ್ದನ್ನು ಅವಳು ಆಗ ನೋಡಿದಳು. ಎಷ್ಟೋ ವರ್ಷ ಎದುರಿಗಿದ್ದು ನೋಡಬೇಕಾಗಿದ್ದನ್ನು ಒಂದೇ ಸಲ ನೋಡಿದಂತಾಗಿ ಕಣ್ಣು ಬೇರೆಡೆಗೆ ತಿರುಗಿಸಿದಳು.

ಕೆಳಗಿಳಿದಾಗ ಹಡಗಿನ ನೆರಳಿನಲ್ಲಿ ಹಾಜಿ ಸಾಂಪಾರಾ ಬಿದಿರಿನ ಮಂಚದ ಮೇಲೆ ಕೂತಿದ್ದರು. ಬಿಳಿ ಟೋಪಿ, ಬಾಯಲ್ಲಿ ಲವಂಗದ ಸಿಗರೇಟು. ಕೆಲಸಗಾರರು ಬಾಚಿ ಕೆಳಗಿಟ್ಟು ಸುತ್ತ ಸೇರಿದರು. ಆಚೆ ಬಯಲಿನಲ್ಲಿ ಎರಡು ಆಡುಗಳನ್ನು ಕಟ್ಟಿಹಾಕಿದ್ದರು. ಹಡಗೆಳೆಯಲು ಸುತ್ತಲಿನ ಹಳ್ಳಿಗಳಿಗೆಲ್ಲ ಆಗಲೇ ಹೇಳಿಕಳಿಸಿ ಆಗಿತ್ತು.

"ಹೇಗುಂಟು ನಮ್ಮ ಮಗಳು?" ಎಂದು ಕೇಳಿದರು ಮುದುಕರು, ಹಡಗಿನ ಕಡೆ ಗಲ್ಲ ಎತ್ತಿ.

ಕಿನಂತಿ ನಿಂತುಕೊಂಡೇ ಹೇಳಿದಳು. ಸುತ್ತಿಬಳಸದೆ, ದನಿ ಏರಿಸದೆ ಹೇಳಿದಳು. ಹಡಗು ಒಳ್ಳೆಯದಾಗಿದೆ, ಹಲಗೆಯ ಕೆಲಸದಲ್ಲಿ ಬೆರಳಿಡುವಂತಿಲ್ಲ, ಆದರೆ ಇಂಜಿನ್ನಿನ ಕೆಳಗಿನ ಪಕ್ಕೆಮರಗಳನ್ನು ಬದಲಾಯಿಸುವ ತನಕ ತಾನು ಒಪ್ಪಿಗೆ ಕೊಡಲಾರೆ.

ಮುದುಕರು ಸಿಗರೇಟಿನ ಬೂದಿ ಕೊಡವಿದರು. "ಜಾವಾದವರು ಪಲ್ಯಕ್ಕೂ ಬೆಲ್ಲ, ಮಾತಿಗೂ ಬೆಲ್ಲ ಹಾಕ್ತಾರೆ ಅಂತ ಕೇಳಿದ್ದೆ. ಈ ಹುಡುಗಿಗೆ ಬೆಲ್ಲ ಹಾಕಲಿಕ್ಕೆ ಮರೆತುಹೋಗಿದೆ."

ಒಬ್ಬಿಬ್ಬರು ನಕ್ಕರು. ಮುದುಕರು ನಗಲಿಲ್ಲ. "ನಾನು ಕಟ್ಟಿದ ಹಡಗು ಇವತ್ತಿನವರೆಗೆ ಮುಳುಗಿಲ್ಲ ಮಗಾ."

"ನೀವು ಕಟ್ಟಿದವಕ್ಕೆ ಇಷ್ಟು ದೊಡ್ಡ ಇಂಜಿನ್ ಇತ್ತಾ, ಹಾಜಿಯವರೇ?"

ಅದಕ್ಕೆ ಅವರು ಮುಖ ತಿರುಗಿಸಿ ಸಮುದ್ರ ನೋಡತೊಡಗಿದರು.

ರುಸ್ಲಿ ಅವಳನ್ನು ಪಕ್ಕಕ್ಕೆ ಕರೆದೊಯ್ದ. ಹಡಗಿನ ಧಣಿ ಹೆಂಡ್ರೊ ಎಂಬವನು ಪ್ರವಾಸಿಗರನ್ನು ದ್ವೀಪ ದ್ವೀಪ ಸುತ್ತಿಸುವ ವ್ಯಾಪಾರಿ. ಅವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಫೋನಿನಲ್ಲಿ ಅವನ ದನಿ ಅಕ್ಕರೆಯಿಂದ ತುಂಬಿತ್ತು. "ಮೇಡಂ, ಷರತ್ತು ಹಾಕಿ ಸಹಿ ಮಾಡಿಕೊಡಿ. ಈಗ ನೀರಿಗೆ ಇಳಿಸೋಣ, ಸಣ್ಣಪುಟ್ಟದ್ದೆಲ್ಲ ಆಮೇಲೆ ಸರಿ ಮಾಡಿಸೋಣ. ನಿಯಮದಲ್ಲೇ ಅವಕಾಶ ಇದೆಯಲ್ಲ." ಅವನು ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಅವಳ ಕಚೇರಿಯ ನಿರ್ದೇಶಕರ ಕರೆ ಬಂತು. ಅವರೂ ಅದನ್ನೇ ಹೇಳಿದರು. ಒತ್ತಾಯ ಮಾಡಲಿಲ್ಲ, ಒತ್ತಾಯ ಮಾಡದೆಯೇ ಒತ್ತುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

"ನಿಯಮದಲ್ಲಿ ಅವಕಾಶ ಇದೆ ತಾನೇ?" ಎಂದ ರುಸ್ಲಿ. "ನೀರಿಗೆ ಇಳಿದ ಮೇಲೆ ನಾನೇ ಬದಲಾಯಿಸ್ತೇನೆ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವಾ?"

"ಇಂಜಿನ್ ಕೂತ ಮೇಲೆ ಅದನ್ನ ಎತ್ತೋದು ಯಾರು? ಹೆಂಡ್ರೊ ಬಿಡ್ತಾನಾ? ಅಷ್ಟೊತ್ತಿಗೆ ನೀನು ಮುಂದಿನ ಹಡಗಿನ ಅಡಿಮರ ಹಾಕ್ತಿರ್ತೀಯ. 'ಆಮೇಲೆ' ಅನ್ನೋದು ಹೇಗೆ ಹೋಗುತ್ತೆ ಅಂತ ನನಗೂ ಗೊತ್ತು, ನಿನಗೂ ಗೊತ್ತು."

ಈ ಮಾತು ಬಾಯಿಂದ ಬಂದ ಮೇಲೆ ಅದು ಹಡಗಿನ ಬಗ್ಗೆ ಮಾತ್ರ ಅಲ್ಲವೆಂದು ಇಬ್ಬರಿಗೂ ಅನ್ನಿಸಿತು. ರುಸ್ಲಿಯ ಮುಖ ಕೆಂಪಾಯಿತು.

"ಆ ಮೂತಿ ನೋಡಿದೆಯಲ್ಲ?"

"ನೋಡಿದೆ."

"ನೋಡಿಯೂ..."

"ನೋಡಿದ್ದಕ್ಕೇ," ಎಂದಳು ಕಿನಂತಿ. "ಬೇರೆಯವರ ಹಡಗಾಗಿದ್ರೆ ಷರತ್ತು ಬರೆದು ಹೋಗ್ತಿದ್ದೆನೋ ಏನೋ."

ಅವನು ತಿರುಗಿ ದಂಡೆಯ ಉದ್ದಕ್ಕೂ ನಡೆದುಹೋದ. ಕೆಲಸಗಾರರು ಒಬ್ಬೊಬ್ಬರಾಗಿ ಚದುರಿದರು. ಹಾಡು ನಿಂತಿತ್ತು. ಜೀಪಿನ ಡ್ರೈವರು ದೂರದಿಂದ ಹೊರಡೋಣವೇ ಎಂದು ಸನ್ನೆ ಮಾಡಿದ. ಕಿನಂತಿ ಬೇಡವೆಂದು ಕೈಯಾಡಿಸಿ, ಮುದುಕರು ಬಿಟ್ಟುಹೋದ ಮಂಚದ ತುದಿಯಲ್ಲಿ ಕೂತಳು.

ಇದು ಹಾರ್ತಿನಿ ಮೇಡಂ ಕಲಿಸಿದ ಪಾಠ. ತಪಾಸಣೆಯ ಕಚೇರಿಯಲ್ಲಿ ಅವಳ ಮೊದಲ ಮೇಲಧಿಕಾರಿ ಆಕೆ. ದಪ್ಪ ಕನ್ನಡಕ, ಗಂಡಸರ ಬೂಟು, ಯಾರಿಗೂ ಹೆದರದ ನಾಲಿಗೆ. "ಆಗಲ್ಲ ಅಂತ ಹೇಳೋದು ಏನು ಮಹಾ ಕಣೇ," ಎನ್ನುತ್ತಿದ್ದರು. "ಹೇಳಿ ಬ್ಯಾಗ್ ಎತ್ಕೊಂಡು ಓಡೋರು ಬೇಕಾದಷ್ಟು ಜನ. ಹೇಳಿದ ಮೇಲೆ ಅಲ್ಲೇ ಕೂತ್ಕೋ. ಬೈದ್ರೆ ಬೈಸ್ಕೋ. ಚಹಾ ಕೊಟ್ರೆ ಕುಡಿ, ಕೊಡದಿದ್ರೆ ಕಾಯಿ. ಅವರ ಕಷ್ಟ ಕಣ್ಣಾರೆ ನೋಡದೆ ಆಗಲ್ಲ ಅನ್ನೋಕೆ ನಿನಗೆ ಹಕ್ಕಿಲ್ಲ." ಹಾರ್ತಿನಿ ಮೇಡಂ ಈಗ ಇರಲಿಲ್ಲ. ಕಳೆದ ವರ್ಷ ತೀರಿಕೊಂಡಿದ್ದರು. ಇಂಥ ಗಳಿಗೆಗಳಲ್ಲಿ ಆ ಬೂಟಿನ ಸದ್ದು ಬೆನ್ನ ಹಿಂದೆ ಕೇಳಬಾರದೇ ಎನ್ನಿಸುತ್ತಿತ್ತು.

ಬಹಳ ಹೊತ್ತು ಯಾರೂ ಬರಲಿಲ್ಲ. ಬಿಸಿಲು ಹಡಗಿನ ನೆರಳನ್ನು ಎಳೆದು ಎಳೆದು ಅವಳ ಕಾಲಿನಿಂದಾಚೆ ಒಯ್ದಿತು. ಕಡೆಗೆ ತೆಂಗಿನ ಮರಗಳ ಕಡೆಯಿಂದ ಒಬ್ಬ ಹೆಂಗಸು ತಟ್ಟೆ ಹಿಡಿದು ಬಂದಳು. ಬಾಳೆಕಾಯಿ ಬೋಂಡಾ, ಪಕ್ಕದಲ್ಲಿ ಕೆಂಪು ಖಾರದ ಚಟ್ನಿ, ಒಂದು ಲೋಟ ಚಹಾ. ತಟ್ಟೆಯನ್ನು ಮಂಚದ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ನಾನು ಹಸ್ನಾ. ರುಸ್ಲಿಯ ಹೆಂಡತಿ," ಎಂದಳು. "ಸುರಬಾಯಾದವರು ನೀವೇ ಅಲ್ಲವಾ?"

"ಹೌದು."

"ಹಾಗೆ ಗ್ರಹಿಸಿದೆ. ಬೇರೆ ಆಫೀಸರರಾಗಿದ್ದರೆ ಬೈದು ಹೋಗ್ತಿದ್ದರು, ಇಲ್ಲ ತಿಂದು ಹೋಗ್ತಿದ್ದರು. ಹೀಗೆ ಕಲ್ಲಿನ ಹಾಗೆ ಕೂತುಕೊಳ್ಳುದಿಲ್ಲ." ಅವಳು ಮಂಚದ ಇನ್ನೊಂದು ತುದಿಯಲ್ಲಿ ಕೂತಳು. ದುಂಡು ಮುಖ, ದಣಿದ ಕಣ್ಣು. "ತಿನ್ನಿ. ಚಟ್ನಿ ಖಾರ ಉಂಟು, ನಿಮಗೆ ಆಗ್ತದೋ ಇಲ್ಲವೋ."

ಕಿನಂತಿ ತಿಂದಳು. ಕಣ್ಣಲ್ಲಿ ನೀರು ಬಂತು. ಹಸ್ನಾ ಮೊದಲ ಬಾರಿಗೆ ತುಸು ನಕ್ಕಳು.

"ಈ ಹಡಗಿನ ಮೇಲೆ ನನಗೆ ಮೊದಲಿಂದಲೂ ಸಿಟ್ಟು," ಎಂದಳು. "ಆ ಮೂತಿಯನ್ನು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿಸಿದರು. ಮಾವನಿಗೂ ಇವರಿಗೂ ಜಗಳ. ಸಮುದ್ರಕ್ಕೆ ಯಾವ ಮೂತಿಯಾದರೂ ಒಂದೇ ಅಲ್ಲವಾ ಅಂತ ಕೇಳಿದೆ. 'ಗೆರೆ ಸರಿ ಬರಲಿಲ್ಲ' ಅಂದರು. ಎಂಥ ಗೆರೆ, ಯಾರ ಗೆರೆ? ಹೇಳಲಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ. ಕೆಲವೆಲ್ಲ ಕೇಳದೆ ಇದ್ದರೇ ಗೊತ್ತಾಗ್ತದೆ." ಕಿನಂತಿಯ ಕಡೆ ತಿರುಗಿ ಕೇಳಿದಳು, "ನಿಮ್ಮದಾ?"

ಕಿನಂತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಇಲ್ಲ ಎನ್ನಬಹುದಿತ್ತು. "ಬರೆದಿದ್ದು ನಾನು. ಪಟ್ಟಿ ಹಿಡಿದಿದ್ದು ಅವನು. ಕಾಲೇಜಿನಲ್ಲಿ," ಎಂದಳು. "ಹುಡುಗಾಟ ಅಕ್ಕಾ. ಆಗ ನಮಗೆ ಮರ ಅಂದ್ರೇನು, ಸಮುದ್ರ ಅಂದ್ರೇನು, ಏನೂ ಗೊತ್ತಿರಲಿಲ್ಲ."

"ಹುಡುಗಾಟ ಅಲ್ಲ," ಎಂದಳು ಹಸ್ನಾ ಸರಳವಾಗಿ. "ಚಂದ ಉಂಟು."

ಇಬ್ಬರೂ ಆ ಮೂತಿಯನ್ನು ನೋಡುತ್ತ ಕೂತರು. ಬಿಸಿಲಲ್ಲಿ ಹೊಸ ಮರ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಕಿನಂತಿಗೆ ಒಂದು ಕ್ಷಣ, ಈ ಮಂಚ, ಈ ಖಾರದ ಚಟ್ನಿ, ಸಂಜೆ ಕೈ ತೊಳೆದು ಊಟಕ್ಕೆ ಬರುವ ಆ ಮನುಷ್ಯ, ಇವೆಲ್ಲ ತನ್ನವಾಗಬಹುದಿತ್ತು ಎನ್ನುವ ಆಸೆ ಎದ್ದು ಬಂತು. ಪಕ್ಕದಲ್ಲೇ ಹಸ್ನಾ ತಲೆವಸ್ತ್ರದ ಅಂಚಿನಿಂದ ನೊಣ ಓಡಿಸುತ್ತಿದ್ದಳು. ಅವಳ ಅಂಗೈ ಹಗ್ಗ ಎಳೆದು ಎಳೆದು ಗಟ್ಟಿಯಾಗಿತ್ತು. ಆಸೆ ಹೋಗಲಿಲ್ಲ, ಆದರೆ ನಾಚಿಕೊಂಡು ಒಂದು ಮೂಲೆ ಸೇರಿತು.

"ಬಿಚ್ಚಿದರೆ ನಿಜವಾಗಿಯೂ ಸರಿ ಆಗ್ತದಾ?" ಎಂದು ಕೇಳಿದಳು ಹಸ್ನಾ.

"ಆಗುತ್ತೆ. ಉದ್ದದ ಮರ ಸಿಕ್ಕಿದ್ರೆ."

"ನನ್ನ ತಮ್ಮ ಇದೇ ಹಡಗಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರ್ತಾನೆ," ಎಂದು ಹಸ್ನಾ ತಟ್ಟೆ ಎತ್ತಿಕೊಂಡಳು. "ಅದನ್ನು ಇವರಿಗೆ ನಾನು ನೆನಪು ಮಾಡ್ತೇನೆ. ನೀವು ಇನ್ನು ಹೊರಡಿ. ನೀವು ಇಲ್ಲಿ ಕೂತಷ್ಟು ಹೊತ್ತು ಅವರು ಮನೆಗೆ ಬರುದಿಲ್ಲ."

ಆ ಹುಣ್ಣಿಮೆಗೆ ಹಡಗು ಇಳಿಯಲಿಲ್ಲ. ಬಂದ ಜನ ಉಂಡು ಹೋದರಂತೆ. ಆಡುಗಳಲ್ಲಿ ಒಂದು ಮಾತ್ರ ಉಳಿಯಿತಂತೆ. ಹೆಂಡ್ರೊ ಮೇಲಿನ ಕಚೇರಿಗೆ ದೂರು ಕೊಟ್ಟ. ನಿರ್ದೇಶಕರು ಅವಳನ್ನು ಕರೆದು, ಅವಳ ಬಡ್ತಿಯ ಮಾತು ಈ ವರ್ಷಕ್ಕೆ ಬೇಡವೆಂದು ನಯವಾಗಿ ಹೇಳಿದರು. ಕಿನಂತಿ ಸರಿ ಎಂದಳು. ಮೊದಲಾಗಿದ್ದರೆ ಮನೆಗೆ ಬಂದು ಅಳುತ್ತಿದ್ದಳು. ಈಗ ಬಂದು ಅನ್ನಕ್ಕಿಟ್ಟಳು. ರುಸ್ಲಿಯಿಂದ ಒಂದು ಮಾತೂ ಬರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಅವಳ ಕೈ ತಾನಾಗಿ ಅದರ ಕಡೆ ಹೋಗುತ್ತಿತ್ತು, ಕಾಲೇಜು ಮುಗಿದ ಮೊದಲ ವರ್ಷದಲ್ಲಿ ಹೋಗುತ್ತಿದ್ದ ಹಾಗೆಯೇ.

ಮುಂದಿನ ಹುಣ್ಣಿಮೆ ಹತ್ತಿರ ಬಂದಾಗ ಮರುತಪಾಸಣೆಯ ಅರ್ಜಿ ಬಂತು. ಬೇರೆಯವರನ್ನು ಕಳಿಸಬಹುದಿತ್ತು. ಅವಳೇ ಹೋದಳು.

ಒಡಲಿನೊಳಗೆ ಈ ಸಲವೂ ರುಸ್ಲಿಯೇ ಟಾರ್ಚು ಹಿಡಿದ. ಪಕ್ಕೆಮರಗಳು ಹೊಸವು, ಉದ್ದನೆಯವು. ಕೂಡಿಕೆಗಳು ಒಂದು ಮೇಲೆ ಒಂದು ಕೆಳಗೆ ಸರಿದಿದ್ದವು. ಬಣ್ಣ ಹಚ್ಚಿರಲಿಲ್ಲ, ಅವಳು ನೋಡಲೆಂದೇ ಬಿಟ್ಟಿದ್ದ. ಕಿನಂತಿ ಬಡಿಯುತ್ತ ಹೋದಳು. ಎಲ್ಲ ಕಡೆಯೂ ಒಂದೇ ಗಟ್ಟಿ ಸದ್ದು. ಬಡಿಯುವುದನ್ನು ನಿಲ್ಲಿಸಿದ ಮೇಲೂ ಅವಳು ತಕ್ಷಣ ಏಳಲಿಲ್ಲ.

"ಮರ ಎಲ್ಲಿ ಸಿಕ್ತು?"

"ಎಲ್ಲೆಲ್ಲೋ ಸುತ್ತಿದೆ. ಮಾವ ತನ್ನ ಮನೆಯ ಹಿಂದೆ ಇಟ್ಟುಕೊಂಡಿದ್ದ ಒಂದನ್ನು ಬೈಕೊಂಡೇ ಕೊಟ್ಟರು." ರುಸ್ಲಿ ಹಲಗೆಗೆ ಒರಗಿದ. "ಬೇರೆ ಯಾರಾದರೂ ಬಂದಿದ್ದರೆ ನಾನು ಸಹಿ ಹಾಕಿಸಿಕೊಳ್ತಿದ್ದೆ ಕಿನ್. ಸುಳ್ಳು ಹೇಳುದಿಲ್ಲ."

"ಗೊತ್ತು."

"ನಿನ್ನ ಮೇಲೆ ಸಿಟ್ಟು ಬಂದಿತ್ತು. ಹಡಗಿನ ಕಾರಣಕ್ಕೆ ಅಲ್ಲ." ಅವನು ಟಾರ್ಚನ್ನು ಕೈಯಿಂದ ಕೈಗೆ ಬದಲಾಯಿಸಿದ. "ಈ ದಂಡೆಗೆ ನೀನು ಬಂದೇ ಬರ್ತಿ ಅಂತ ಒಂದು ಕಾಲದಲ್ಲಿ ದಿನಾ ರಸ್ತೆ ನೋಡ್ತಿದ್ದೆ. ಕಡೆಗೆ ಬಂದೆ. ಬಂದು ಆಗುದಿಲ್ಲ ಅಂದೆ."

ಹೊರಗೆ ಯಾರೋ ಮರದ ಕೊಡತಿಯಿಂದ ಬೆಣೆ ಹೊಡೆಯುತ್ತಿದ್ದರು. ಸದ್ದು ಹಲಗೆಯ ಮೂಲಕ ಅವಳ ಬೆನ್ನಿಗೆ ಬಂದು ಮುಟ್ಟುತ್ತಿತ್ತು.

"ಒಂದು ವರ್ಷ ಮುಗಿದಾಗ ನೀನು ಒಂದು ಸಲ ಕೇಳಬಹುದಿತ್ತು," ಎಂದಳು.

"ಕೇಳಿದ್ದರೆ ಬರ್ತಿದ್ದೆಯಾ?"

ಬರುತ್ತಿದ್ದೆ ಎಂದು ಬಾಯಿಗೆ ಬಂತು. ಆದರೆ ಆ ವರ್ಷದ ತನ್ನನ್ನು ನೆನೆದಳು. ಏಣಿಯ ತುದಿಯಲ್ಲಿ ನಿಂತು ತೈಲಹಡಗಿನ ಚುಕ್ಕಾಣಿಯನ್ನು ಮೊದಲ ಸಲ ಮುಟ್ಟಿ ನೋಡಿದ ಹುಡುಗಿ. ಅವಳ ಮುಖದ ಖುಷಿ. "ಗೊತ್ತಿಲ್ಲ ರುಸ್ಲಿ," ಎಂದಳು. "ನಿಜವಾಗಿ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಆ ಉತ್ತರದಿಂದ ಅವನಿಗೆ ನೋವಾಯಿತೋ ಹಗುರವಾಯಿತೋ, ಆ ಬೆಳಕಿನಲ್ಲಿ ಕಾಣುವಂತಿರಲಿಲ್ಲ. "ಹಡಗಿಗೆ ಹೆಸರಿಟ್ಟಾಯ್ತು," ಎಂದ ಆಮೇಲೆ. "ಹೆಂಡ್ರೊ ಇಟ್ಟದ್ದು. ಲಾಡ್ಜಿನ ಬೋರ್ಡಿನ ಹಾಗೆ ಉಂಟು. ನೀನು ಓದಬೇಡ."

ಅವಳು ನಕ್ಕಳು. ಅವನೂ ನಕ್ಕ. ಒಡಲಿನೊಳಗೆ ಆ ನಗು ಒಂದು ಸುತ್ತು ಸುತ್ತಿ ಆರಿತು. ಅವಳು ಅಲ್ಲೇ, ಮೊಣಕಾಲ ಮೇಲೆ ಕಾಗದವಿಟ್ಟು ಸಹಿ ಮಾಡಿದಳು.

ಮರುದಿನ ಬೆಳಿಗ್ಗೆ ಹಾಜಿ ಸಾಂಪಾರಾ ಮಂತ್ರ ಗುನುಗುತ್ತ ಅಡಿಮರದ ನಡುಮಧ್ಯದಲ್ಲಿ ಬೈರಿಗೆಯಿಂದ ಒಂದು ಸಣ್ಣ ಕುಳಿ ತೆಗೆದು, ಹುಟ್ಟುವ ಮಗುವಿಗೆಂಬಂತೆ ಹಡಗಿಗೆ ಹೊಕ್ಕುಳು ಕೊರೆಯುವ ಶಾಸ್ತ್ರ ಮಾಡಿದರು. ಹಸ್ನಾ ಅಂಟಕ್ಕಿಯ ಅನ್ನ, ಕೋಳಿ, ತೆಂಗಿನಕಾಯಿ ಇಟ್ಟಳು. ಭರತ ಏರುವ ಹೊತ್ತಿಗೆ ದಂಡೆ ತುಂಬ ಜನ. ಕಿನಂತಿ ದೂರದಲ್ಲಿ ನಿಂತು ನೋಡಿ ಹೊರಡಬೇಕೆಂದಿದ್ದಳು. ಮುದುಕರು ಬಿಡಲಿಲ್ಲ.

"ಏ ಜಾವಾದ ಹುಡುಗೀ! ಆಗುದಿಲ್ಲ ಅನ್ನಲಿಕ್ಕೆ ಮಾತ್ರ ಬರ್ತದಾ, ಎಳೀಲಿಕ್ಕೂ ಬರ್ತದಾ?"

ಜನ ಹೋ ಎಂದು ನಕ್ಕರು. ಹಸ್ನಾ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕಿನಂತಿ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಒದ್ದೆ ಹಗ್ಗಕ್ಕೆ ಕೈಹಾಕಿದಳು. ಹಡಗಿನ ಮೇಲಿನಿಂದ ರುಸ್ಲಿಯ ದನಿ ಕೂಗು ಕೊಡುತ್ತಿತ್ತು, ನೂರಾರು ಜನ ಒಂದೇ ಉಸಿರಿನಲ್ಲಿ ಅದಕ್ಕೆ ಸೊಲ್ಲು ಸೇರಿಸಿ ಎಳೆಯುತ್ತಿದ್ದರು. ಹಡಗು ಅಲುಗಲಿಲ್ಲ. ಮತ್ತೆ ಕೂಗು, ಮತ್ತೆ ಎಳೆತ. ಅಂಗೈ ಉರಿಯತೊಡಗಿತು. ನಡುನಡುವೆ ಮುದುಕರು ಬೈಯುತ್ತಿದ್ದರು, ಯಾರೋ ಜೋಕು ಹೊಡೆಯುತ್ತಿದ್ದರು, ಮತ್ತೆ ಕೂಗು. ಮಧ್ಯಾಹ್ನ ವಾಲಿದ ಮೇಲೆ, ಇನ್ನು ಆಗುವುದಿಲ್ಲವೇನೋ ಎನ್ನುವಾಗ, ಮರದ ಆಳದಿಂದ ಒಂದು ನರಳಿಕೆ ಕೇಳಿತು. ಹಗ್ಗ ಸಡಿಲವಾಯಿತು. ಅವಳೂ ಹಸ್ನಾಳೂ ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು. ಆ ಮೂತಿ ಅವರ ಪಕ್ಕದಲ್ಲೇ, ತಲೆಗಿಂತ ಎತ್ತರದಲ್ಲಿ ಆಕಾಶ ಸೀಳಿಕೊಂಡು ಹಾದುಹೋಗಿ ನೀರನ್ನು ಮುಟ್ಟಿತು. ಒಂದು ಸಲ ಕೆಳಗಿಳಿಯಿತು, ಎದ್ದಿತು. ನೀರು ಎರಡೂ ಕಡೆಗೆ ಸಲೀಸಾಗಿ ಬಿಚ್ಚಿಕೊಂಡಿತು.

ಎಲ್ಲರೂ ನೀರಿಗೆ ಓಡಿದರು. ಹಸ್ನಾ ಓಡಿದಳು. ಮುದುಕರೂ ಲುಂಗಿ ಎತ್ತಿ ಓಡಿದರು. ರುಸ್ಲಿ ಹಡಗಿನ ಮೇಲೆ ನಿಂತು ಯಾರನ್ನೋ ಹುಡುಕುವಂತೆ ದಂಡೆಯ ಕಡೆ ನೋಡಿದ; ಅಷ್ಟರಲ್ಲಿ ಯಾರೋ ಕೂಗಿದರು, ಹಗ್ಗ ಹಿಡಿಯಲು ತಿರುಗಿದ.

ಕಿನಂತಿ ಕೂತಲ್ಲೇ ಕೂತಿದ್ದಳು. ವರ್ಷಕ್ಕೂ ಮಿಕ್ಕಿ ಹಡಗು ನಿಂತಿದ್ದ ಜಾಗ ಬರಿದಾಗಿ, ಅಲ್ಲಿಂದ ಸಮುದ್ರದವರೆಗೆ ಅಡಿಮರ ಎಳೆದ ಒಂದು ಉದ್ದನೆಯ ತೋಡು ಉಳಿದಿತ್ತು. ಅದರೊಳಕ್ಕೆ ನೀರು ಸದ್ದಿಲ್ಲದೆ ಬರುತ್ತಿತ್ತು. ತಳದಲ್ಲಿ ಬಿದ್ದಿದ್ದ ಮರದ ಚಕ್ಕೆಗಳು ಒಂದೊಂದಾಗಿ ಮೇಲೆದ್ದು ತೇಲತೊಡಗಿದವು.